ನ್ಯೂ ಫೋಲ್ಡರ್ ಮೂರರೊಳಗಿನ ಮಾತು

ಹೋದ ರವಿವಾರ ನಾನು ಒಬ್ಬ ಮನುಷ್ಯನ ಐವತ್ತೇಳು ದಿನದ ಮಾತನ್ನು ಎರಡು ಬೆರಳಿನಿಂದ ಅಳಿಸಿ ಹಾಕಿದೆ. ಒಂದು ಬೆರಳು ಶಿಫ್ಟ್ ಮೇಲೆ, ಇನ್ನೊಂದು ಡಿಲೀಟ್ ಮೇಲೆ. ‘ಶಾಶ್ವತವಾಗಿ ಅಳಿಸಲೇ?’ ಎಂದು ಕಂಪ್ಯೂಟರ್ ಕೇಳಿತು. ಹೂಂ ಅಂದೆ. ಅದೂ ಆ ಮನುಷ್ಯ ನನ್ನ ಬೆನ್ನ ಹಿಂದೆಯೇ ಕುರ್ಚಿ ಹಾಕಿಕೊಂಡು ಕೂತಿದ್ದಾಗ!

ತಡೀರಿ, ಈಗಲೇ ಬೈಯಬೇಡಿ. ಬೈಯುವವರು ಬೈದಾಗಿದೆ. ಮೊದಲಿನಿಂದ ಹೇಳುತ್ತೇನೆ.

ಈ ಅಂಕಣವನ್ನು ವಾರವಾರ ಓದುವವರಿಗೆ ನನ್ನ ಚಟ ಗೊತ್ತೇ ಇದೆ. ನನಗೆ ಬಿಸಾಡುವ ಚಟ. ಖಾಲಿ ಡಬ್ಬಿ ಕಂಡರೆ ಕೈ ತುರಿಸುತ್ತದೆ. ಹಳೆಯ ಕ್ಯಾಲೆಂಡರ್, ಮುಚ್ಚಳವಿಲ್ಲದ ಪೆನ್ನು, ಒಂಟಿ ಸಾಕ್ಸ್, ಯಾವುದಕ್ಕೂ ನನ್ನ ಹತ್ತಿರ ಮಾಫಿ ಇಲ್ಲ. ನಮ್ಮ ಮನೆಯವರು ತಮ್ಮ ಎರಡು ಹಳೆಯ ರೇಡಿಯೋಗಳನ್ನು ನನಗೆ ಸಿಗದ ಹಾಗೆ ಎಲ್ಲೋ ಇಟ್ಟಿದ್ದಾರೆ. (ಎಲ್ಲಿ ಅಂತ ನನಗೆ ಗೊತ್ತು. ಸಮಯ ಕಾಯುತ್ತಿದ್ದೇನೆ.) ಸಿಂದಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು ನಾನು. ಲೆಕ್ಕ ಸರಿಹೋಗಬೇಕು, ಜಾಗ ಖಾಲಿ ಇರಬೇಕು. ಅಷ್ಟೇ.

ಹಾಗಾಗಿ ಶನಿವಾರ ಸಂಜೆ ತಾಂಬಾದಿಂದ ಶಾಂತತ್ತಿಯ ಫೋನ್ ಬಂದಾಗ ನನಗೆ ಒಳಗೊಳಗೇ ಖುಷಿಯಾಯಿತು. ಶಾಂತತ್ತಿ ನನ್ನ ಅಪ್ಪನ ತಂಗಿ. ಪ್ರೈಮರಿ ಶಾಲೆಯ ಟೀಚರಾಗಿ ರಿಟೈರ್ ಆದವಳು.

“ಸುಮಿ, ಕಂಪ್ಯೂಟರ್ ಜಾಗಾ ಇಲ್ಲ ಅನ್ನಾಕತ್ತೈತವಾ. ಎರಡ ವಾರ ಆತು, ಕೆಂಪ ಗೆರಿ ತೋರಸಾಕತ್ತಿತ್ತು. ಇವತ್ತ ಏನ್ ಮಾಡಿದ್ರೂ ಒಳಗ ಹಾಕ್ಕೊಳ್ಳವಲ್ದು. ನಾಳಿ ಬರ್ತಿಯೇನು? ಸೋಮವಾರ ನಾವು ಬಿಜಾಪುರಕ್ಕ ಹೋಗೂದೈತಿ.”

“ಬರ್ತೇನಿ ಅತ್ತಿ. ಎಲ್ಲಾ ಸ್ವಚ್ಛ ಮಾಡಿಕೊಡ್ತೇನಿ” ಎಂದೆ. ಸ್ವಚ್ಛ ಅನ್ನುವಾಗ ನನ್ನ ದನಿಯಲ್ಲಿ ಸ್ವಲ್ಪ ಹುಮ್ಮಸ್ಸು ಜಾಸ್ತಿಯೇ ಇತ್ತು.

ಸೋಮವಾರದ ಬಿಜಾಪುರ ಯಾಕೆ ಅಂತ ನಿಮಗೆ ಹೇಳಬೇಕು. ಅತ್ತಿಯ ಗಂಡ ಗುರುಪಾದ ಮಾಮಾ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರಾಗಿದ್ದವರು. ಹಿಂದಿನ ಬೆಂಚೂ ಎಚ್ಚರವಾಗುವಂಥ ಗಂಟಲು. ನಾಲ್ಕು ತಿಂಗಳ ಹಿಂದೆ ಅವರಿಗೆ ಲಕ್ವಾ ಹೊಡೆಯಿತು. ಕೈಕಾಲು ಬೇಗ ಚೇತರಿಸಿಕೊಂಡವು. ಮಾತು ಮಾತ್ರ ಬರಲಿಲ್ಲ. ನಾವು ಹೇಳಿದ್ದೆಲ್ಲ ತಿಳಿಯುತ್ತದೆ, ನಗು ಬರುತ್ತದೆ, ಸಿಟ್ಟೂ ಬರುತ್ತದೆ. ತಾವು ಹೇಳಲು ಹೋದರೆ ‘ಉಂ... ಉಂ...’ ಅಷ್ಟೇ. ಬರೆದು ತೋರಿಸಿ ಅಂದರೆ ಪೆನ್ನು ಹಿಡಿದ ಕೈ ಹಾಳೆಯ ಮೇಲೆ ಸುಮ್ಮನೆ ನಿಂತುಬಿಡುತ್ತದೆ.

ಬಿಜಾಪುರದಲ್ಲಿ ಮಾತಿನ ತರಬೇತಿ ಕೊಡುವ ಮೇಡಂ ಒಬ್ಬರಿದ್ದಾರೆ. ಮಾತು ಎಲ್ಲೂ ಹೋಗಿಲ್ಲ, ಒಳಗೇ ಇದೆ, ಹೊರಗೆ ಬರುವ ದಾರಿ ಕೆಟ್ಟಿದೆ ಎಂದು ಅವರು ಹೇಳಿದರಂತೆ. ದಿನಾ ಅಭ್ಯಾಸ ಮಾಡಿಸಿ, ದಿನಾ ಫೋನಿನಲ್ಲಿ ರೆಕಾರ್ಡ್ ಮಾಡಿಡಿ ಎಂದೂ ಹೇಳಿದರಂತೆ. ನಮ್ಮ ಅತ್ತಿಗೆ ಅಷ್ಟು ಸಾಕು. ಮೂವತ್ತು ವರ್ಷ ಒಂದನೇ ಇಯತ್ತೆಗೆ ಅಕ್ಷರ ಕಲಿಸಿದವಳು! ಒಂದು ನೋಟ್‌ಬುಕ್ ಮಾಡಿದಳು. ದಿನಕ್ಕೊಂದು ಶಬ್ದ. ಮಧ್ಯಾಹ್ನ ಊಟವಾದ ಮೇಲೆ ಮಾಮಾನನ್ನು ಎದುರಿಗೆ ಕೂರಿಸಿಕೊಂಡು ಪಾಠ.

ಮೊದಲನೇ ದಿನದ ರೆಕಾರ್ಡಿಂಗಿನಲ್ಲಿ ಇದ್ದದ್ದು ‘ಆ’ ಒಂದೇ. ಅದೂ ಮೂರು ನಿಮಿಷ ಒದ್ದಾಡಿದ ಮೇಲೆ. ನಲವತ್ತನೇ ದಿನದ ಹೊತ್ತಿಗೆ ‘ನೀರು’, ‘ಚಾ’, ‘ಬಾ’ ಎನ್ನುವಂಥ ಮಾತು ಒಂದೊಂದಾಗಿ ಬರತೊಡಗಿದ್ದವು. ಆದರೆ ಎರಡು ಶಬ್ದ ಜೋಡಿಸಿ ಹೇಳಲು ಆಗುತ್ತಿರಲಿಲ್ಲ. ‘ಚಾ ಕೊಡು’ ಅನ್ನಲು ಹೋದರೆ ಚಾದಲ್ಲೇ ಗಾಡಿ ನಿಲ್ಲುತ್ತಿತ್ತು. ಅದೇ ಮುಂದಿನ ಮೆಟ್ಟಿಲು ಎಂದು ಮೇಡಂ ಹೇಳಿದ್ದರು. ಸೋಮವಾರ ಅವರು ಎಲ್ಲ ರೆಕಾರ್ಡಿಂಗ್ ಕೇಳಿ ಮುಂದಿನ ಪಾಠ ಕೊಡುವವರಿದ್ದರು.

ಆದರೆ ಆ ರೆಕಾರ್ಡಿಂಗುಗಳ ನಿಜವಾದ ಗಿರಾಕಿ ಮೇಡಂ ಅಲ್ಲ, ಮಾಮಾ. ಕೆಲವು ದಿನ ಅವರಿಗೆ ಬೇಸರ ಬಂದುಬಿಡುತ್ತದೆ. ಗೋಡೆ ಕಡೆ ಮುಖ ಮಾಡಿ ಕೂತರೆ ಯಾರು ಕರೆದರೂ ತಿರುಗುವುದಿಲ್ಲ. ಆಗ ಅತ್ತಿ ಮೊದಲನೇ ದಿನದ ‘ಆ’ ಹಚ್ಚುತ್ತಾಳೆ. ಆಮೇಲೆ ನಿನ್ನೆಯದನ್ನು ಹಚ್ಚುತ್ತಾಳೆ. “ಕೇಳ್ರಿ. ಎಲ್ಲಿದ್ರಿ, ಎಲ್ಲಿಗೆ ಬಂದೀರಿ?” ಮಾಮಾ ಸ್ವಲ್ಪ ಹೊತ್ತು ಕೇಳಿ, ಕುರ್ಚಿ ಈ ಕಡೆ ಎಳೆದುಕೊಳ್ಳುತ್ತಾರೆ. ಡಾಕ್ಟರು ಕೊಟ್ಟ ಗುಳಿಗೆಗಿಂತ ಅದೇ ಅವರಿಗೆ ಹೆಚ್ಚು ಹಿಡಿದಿತ್ತು.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಒಂದೇ. ರೆಕಾರ್ಡಿಂಗೆಲ್ಲ ಅತ್ತಿಯ ಫೋನಿನಲ್ಲೇ ಇವೆ ಅಂದುಕೊಂಡಿದ್ದೆ. ಅತ್ತಿಯ ಫೋನಿನಲ್ಲಿ ಗುಡ್ ಮಾರ್ನಿಂಗ್ ಹೂವುಗಳಿಗೇ ಜಾಗ ಸಾಲುವುದಿಲ್ಲ. ಅವಳು ದಿನಾ ವೈರ್ ಹಚ್ಚಿ ರೆಕಾರ್ಡಿಂಗನ್ನು ಕಂಪ್ಯೂಟರಿಗೆ ದಾಟಿಸಿ, ಫೋನಿನಿಂದ ತೆಗೆದುಬಿಡುತ್ತಿದ್ದಳು. ಶನಿವಾರ ಒಳಗೆ ಹೋಗಲೊಲ್ಲದ್ದು ಅವತ್ತಿನ ರೆಕಾರ್ಡಿಂಗ್. ನಾನು ಏನು ಅಂತ ಕೇಳಿದ್ದರೆ ಹೇಳುತ್ತಿದ್ದಳು. ಕೇಳಲಿಲ್ಲ.

ರವಿವಾರ ಬೆಳಿಗ್ಗೆ ಬಸ್ ಹತ್ತಿ ತಾಂಬಾಕ್ಕೆ ಹೋದೆ. ಅತ್ತಿ ಅಡುಗೆಮನೆಯಲ್ಲಿದ್ದಳು. ಮಾಮಾ ನಡುಮನೆಯಲ್ಲಿ ಕುರ್ಚಿಯ ಮೇಲೆ ಪೇಪರ್ ಹಿಡಿದು ಕೂತಿದ್ದರು. ನನ್ನನ್ನು ನೋಡಿ ನಕ್ಕರು. “ಬಾ” ಅಂದರು. ಒಂದೇ ಅಕ್ಷರ. ಆದರೂ ನನ್ನ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಕಂಪ್ಯೂಟರ್ ಮುಂದೆ ಕೂತೆ. ಹಳೆಯ ಡೆಸ್ಕ್‌ಟಾಪ್. ಸಿ ಡ್ರೈವಿನಲ್ಲಿ ಒಟ್ಟು ಜಾಗ ತೊಂಬತ್ತೇಳು ಜಿಬಿ. ಪೂರ್ತಿ ಭರ್ತಿ. ಸರಿ, ಯಾರು ಯಾರು ಎಷ್ಟೆಷ್ಟು ತಿಂದಿದ್ದಾರೆ ನೋಡೋಣ ಅಂತ ಒಂದೊಂದೇ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಹಾಳೆಯ ಮೇಲೆ ಬರೆದುಕೊಂಡೆ. ಕೂಡಿಸಿದೆ. ಐವತ್ತೂ ದಾಟಲಿಲ್ಲ. ಮತ್ತೆ ಕೂಡಿಸಿದೆ. ಅಷ್ಟೇ.

ನೀವೇ ಹೇಳಿ, ಗಣಿತದ ಟೀಚರಿಗೆ ಇದಕ್ಕಿಂತ ದೊಡ್ಡ ಅವಮಾನ ಉಂಟಾ? ಉಳಿದ ನಲವತ್ತು ಚಿಲ್ಲರೆ ಜಿಬಿ ಎಲ್ಲಿ ಹೋಯಿತು?

ಹೋಗಿಲ್ಲ. ಅಡಗಿ ಕೂತಿದೆ. ಕಂಪ್ಯೂಟರ್ ತನ್ನ ಕೆಲವು ಫೈಲು, ಫೋಲ್ಡರುಗಳನ್ನು ನಮಗೆ ತೋರಿಸುವುದೇ ಇಲ್ಲ. ನಾವು ಕೈ ಹಚ್ಚಿ ಕೆಡಿಸುತ್ತೇವೆ ಅಂತ ಅದಕ್ಕೆ ಖಾತ್ರಿ. ಫೋಲ್ಡರ್ ಆಪ್ಷನ್ಸ್‌ಗೆ ಹೋಗಿ ‘ಅಡಗಿದ್ದನ್ನು ತೋರಿಸು’ ಅನ್ನುವುದಕ್ಕೆ ಟಿಕ್ ಹಾಕಿ, ‘ಸಿಸ್ಟಮ್ ಫೈಲ್ ಮುಚ್ಚಿಡು’ ಅನ್ನುವುದರ ಟಿಕ್ ತೆಗೆದರೆ ಒಂದೊಂದಾಗಿ ಮಬ್ಬು ಬಣ್ಣದಲ್ಲಿ ಎದ್ದು ಬರುತ್ತವೆ. ನಾನು ತೆಗೆದೆ. ಬಂದವು.

ಒಂದು ಮೂರು ಜಿಬಿಯ ಫೈಲು. ಅದು ಯಾಕೆ ಅಂದರೆ, ಕಂಪ್ಯೂಟರನ್ನು ಪೂರ್ತಿ ಬಂದ್ ಮಾಡದೆ ಮಲಗಿಸಿದಾಗ ಅದು ಮಾಡುತ್ತಿದ್ದ ಕೆಲಸವನ್ನು ನೆನಪಿಟ್ಟುಕೊಳ್ಳಲಿಕ್ಕೆ. ನಮ್ಮ ಅತ್ತಿ ಕೆಲಸ ಮುಗಿದ ಮೇಲೆ ಗೋಡೆಯ ಬಟನ್ ತನಕ ಎಲ್ಲ ಆಫ್ ಮಾಡುವವಳು! ಇನ್ನೊಂದು ನಾಲ್ಕು ಜಿಬಿಯದು, ಮೆಮೊರಿ ಸಾಲದಾದಾಗ ಆಸರೆಗೆ. ಟೆಂಪ್ ಅನ್ನುವ ಫೋಲ್ಡರಿನಲ್ಲಿ ವರ್ಷಗಟ್ಟಲೆಯ ಕಸ. ಇವೆಲ್ಲದರ ನಡುವೆ ಒಂದು ಫೋಲ್ಡರು, ಹೆಸರು ‘ಸಿಸ್ಟಮ್ ವಾಲ್ಯೂಮ್ ಇನ್‌ಫರ್ಮೇಶನ್’. ಒತ್ತಿದರೆ ತೆರೆಯಲಿಲ್ಲ. ನಿನಗೆ ಪರವಾನಗಿ ಇಲ್ಲ ಅಂದಿತು.

ನನಗೆ ಸಿಟ್ಟು ನೆತ್ತಿಗೇರಿತು. ನಮ್ಮ ಅತ್ತಿಯ ಮನೆ, ನಮ್ಮ ಅತ್ತಿಯ ಕಂಪ್ಯೂಟರು, ನನಗೇ ಬಾಗಿಲು ಹಾಕುತ್ತೀಯಾ? ಅದರ ಗಾತ್ರ ಹುಡುಕಿದೆ. ಸೆಟ್ಟಿಂಗಿನಲ್ಲಿ ಸಿಕ್ಕಿತು. ಮೂವತ್ತೈದು ಜಿಬಿ! ಹಳೆಯ ಸ್ಥಿತಿಗೆ ಮರಳಲು ಬೇಕಾದ ‘ರಿಸ್ಟೋರ್ ಪಾಯಿಂಟ್’ಗಳಂತೆ. ಎಷ್ಟೋ ವರ್ಷದಿಂದ ಯಾರೂ ಬಳಸಿಲ್ಲ. ಸಿಕ್ಕ ಕಳ್ಳ, ಅಂದುಕೊಂಡೆ. ಇವನನ್ನು ಕೊನೆಗೆ ನೋಡಿಕೊಳ್ಳುತ್ತೇನೆ, ಮೊದಲು ಚಿಲ್ಲರೆ ಕೆಲಸ ಮುಗಿಸೋಣ.

ಟೆಂಪ್ ಖಾಲಿ ಮಾಡಿದೆ. ಆಮೇಲೆ ಡೆಸ್ಕ್‌ಟಾಪಿಗೆ ಬಂದೆ. ಅಲ್ಲಿ ಮೂರು ಫೋಲ್ಡರ್ ಸಾಲಾಗಿ ಕೂತಿದ್ದವು. ‘ನ್ಯೂ ಫೋಲ್ಡರ್’, ‘ನ್ಯೂ ಫೋಲ್ಡರ್ ಎರಡು’, ‘ನ್ಯೂ ಫೋಲ್ಡರ್ ಮೂರು’. ಮೊದಲನೆಯದನ್ನು ತೆರೆದೆ, ಗುಲಾಬಿ ಹೂವಿನ ಗುಡ್ ಮಾರ್ನಿಂಗ್. ಎರಡನೆಯದರಲ್ಲಿ ಸೂರ್ಯೋದಯದ ಗುಡ್ ಮಾರ್ನಿಂಗ್. ಮೂರನೆಯದನ್ನು ತೆರೆಯಲಿಲ್ಲ. ಎರಡು ಉದಾಹರಣೆ ನೋಡಿ ಮೂರನೆಯದಕ್ಕೂ ಅದೇ ಸೂತ್ರ ಅನ್ನಬೇಡಿ ಎಂದು ಒಂಬತ್ತನೇ ಕ್ಲಾಸಿನವರಿಗೆ ವರ್ಷಕ್ಕೆ ನೂರು ಸಲ ಹೇಳುವವಳು ನಾನೇ!

ಮೂರನೆಯದನ್ನೇ ಮೊದಲು ಹಿಡಿದೆ. ಶಿಫ್ಟ್ ಒತ್ತಿದೆ. ಶಿಫ್ಟ್ ಒತ್ತಿ ಡಿಲೀಟ್ ಮಾಡಿದರೆ ಕಸದ ಬುಟ್ಟಿಗೂ ಹೋಗುವುದಿಲ್ಲ, ನೇರ ಮಾಯ. ಆಗ ಹಿಂದಿನಿಂದ ಸದ್ದು ಕೇಳಿತು. “ಉಂ... ಉಂ... ನ... ನ...”

ತಿರುಗಿ ನೋಡಿದೆ. ಮಾಮಾ ಪೇಪರ್ ಕೆಳಗಿಟ್ಟು ಕುರ್ಚಿಯ ಕೈ ಮೇಲೆ ಬಡಿಯುತ್ತಿದ್ದರು. ಮುಖ ಕೆಂಪಗಾಗಿತ್ತು. “ನ... ನ...”

ನೀರು! ಅಂದುಕೊಂಡೆ. ಓಡಿಹೋಗಿ ತಂಬಿಗೆಯಲ್ಲಿ ನೀರು ತಂದು ಕೊಟ್ಟೆ. ಅವರು ತಂಬಿಗೆಯನ್ನು ದೂರ ಸರಿಸಿದರು. “ಬ್ಯಾಡೇನ್ರಿ ಮಾಮಾ? ಇಲ್ಲೇ ಇಟ್ಟಿರ್ತೇನಿ, ಆಮ್ಯಾಲ ಕುಡೀರಿ” ಅಂದು ಅದನ್ನು ಕಿಟಕಿಯಲ್ಲಿಟ್ಟು, ವಾಪಸ್ ಬಂದು, ಕೂತು, ಡಿಲೀಟ್ ಮಾಡಿದೆ.

ಬರೆಯುವಾಗಲೂ ನಾಚಿಕೆಯಾಗುತ್ತಿದೆ. ಒಬ್ಬ ಮನುಷ್ಯ ತನ್ನೆಲ್ಲ ಶಕ್ತಿ ಕೂಡಿಸಿ ‘ಬೇಡ, ಅದು ನನ್ನದು’ ಅನ್ನುತ್ತಿದ್ದಾನೆ. ನಾನು ಅವನ ಕೈಗೆ ನೀರು ಕೊಟ್ಟು ಸಮಾಧಾನ ಮಾಡುತ್ತಿದ್ದೇನೆ.

ಮಾಮಾನ ಮುಖ ಗೋಡೆ ಕಡೆ ತಿರುಗಿತು. ನಾನು ಅದನ್ನೂ ಗಮನಿಸಲಿಲ್ಲ. ಉಳಿದೆರಡು ಫೋಲ್ಡರು ಆಮೇಲೆ, ದೊಡ್ಡ ಕಳ್ಳನ ಕೆಲಸ ಬಾಕಿ ಇತ್ತಲ್ಲ! ಡಿಸ್ಕ್ ಕ್ಲೀನಪ್ ತೆರೆದೆ. ರಿಸ್ಟೋರ್ ಪಾಯಿಂಟುಗಳನ್ನು ಅಳಿಸುವ ಬಟನ್ ತನಕ ಬಂದೆ. ಮೌಸು ಅದರ ಮೇಲೆಯೇ ಇತ್ತು. ಆಗ ಅಡುಗೆಮನೆಯಿಂದ ಅತ್ತಿ ಕೂಗಿದಳು.

“ಸುಮಿ, ರೊಟ್ಟಿ ಹಂಚಿನ ಮ್ಯಾಲ ಐತಿ. ಬಾ ಲಗೂನ.”

“ಒಂದ ನಿಮಿಷ ಅತ್ತಿ.”

“ನಿಮಿಷ ಗಿಮಿಷ ನಿನ್ನ ಸಾಲ್ಯಾಗ. ರೊಟ್ಟಿ ಆರತೈತಿ, ಏಳು!”

ನಮ್ಮ ಕಡೆ ಹಂಚಿನ ಮೇಲಿನ ರೊಟ್ಟಿಗೆ ಕಾಯಿಸಿದವರನ್ನು ಯಾರೂ ಕ್ಷಮಿಸುವುದಿಲ್ಲ. ಮೌಸು ಬಿಟ್ಟು ಎದ್ದೆ. ಆ ಒಂದು ರೊಟ್ಟಿ ಇನ್ನೊಂದು ನಿಮಿಷ ತಡವಾಗಿದ್ದರೆ ಈ ಅಂಕಣ ಬೇರೆ ಥರ ಇರುತ್ತಿತ್ತು, ಅಥವಾ ಇರುತ್ತಲೇ ಇರಲಿಲ್ಲ.

ಉಂಡೆವು. ಮಾಮಾ ಅರ್ಧಕ್ಕೇ ಕೈ ತೊಳೆದರು. ಅತ್ತಿ ನೋಟ್‌ಬುಕ್ಕು, ಫೋನು ತೆಗೆದುಕೊಂಡು ನಡುಮನೆಗೆ ಬಂದಳು.

“ಜಾಗಾ ಆತೇನು? ಹಂಗಾದ್ರ ನಿನ್ನಿಂದು ಹಾಕೂನು. ಆ ಮೂರನೇದು ತೆಗಿ.”

“ಯಾವ ಮೂರನೇದು?”

“ನ್ಯೂ ಫೋಲ್ಡರ್ ಮೂರು. ಅದರಾಗ ಐತಲ್ಲ ಅವರದ ಎಲ್ಲಾ ಮಾತು.”

ನನ್ನ ಬಾಯಿಯ ಎಲೆ ಅಡಿಕೆ ಅಲ್ಲೇ ನಿಂತಿತು. ಹೇಳಬೇಕಾಯಿತು. ಹೇಳಿದೆ. ಅತ್ತಿ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಮಂಚದ ತುದಿಯಲ್ಲಿ ಕೂತಳು. ನೋಟ್‌ಬುಕ್ಕು ತೊಡೆಯ ಮೇಲೆ ಹಾಗೇ ಇತ್ತು.

“ಮೊದಲನೇ ದಿನದ್ದೂ ಹೋತೇನು?” ಅಂತ ಕೇಳಿದಳು. “ನಾಳಿ ಇವರು ಗ್ವಾಡಿ ಕಡೆ ತಿರಗಿದ್ರ ನಾ ಏನ್ ಕೇಳಸ್ಲಿ?”

ಮಾಮಾ ಆಗಲೇ ಗೋಡೆ ಕಡೆ ತಿರುಗಿದ್ದರು.

“ಅತ್ತಿ, ಇಷ್ಟ ಮಹತ್ವದ್ದು, ಒಂದ ಹೆಸರ ಇಡಬಾರದಾ?” ಎಂದೆ. (ತಪ್ಪು ಮಾಡಿದವರೇ ಮೊದಲು ಪ್ರಶ್ನೆ ಕೇಳುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ.)

“ಏನಂತ ಇಡ್ಲಿ? ಅವರ ಹೆಸರ ನಾ ಬರೀಲೇನು?”

ಆಗ ನನಗೆ ಹೊಳೆಯಿತು. ನಮ್ಮ ಅತ್ತಿ ಮದುವೆಯಾದಾಗಿನಿಂದ ಗಂಡನ ಹೆಸರು ಬಾಯಲ್ಲಿ ಹೇಳಿಲ್ಲ. ಆ ಕಾಲದ ನಮ್ಮ ಹೆಣ್ಣುಮಕ್ಕಳು ಬಹಳ ಜನ ಹಾಗೆಯೇ. ಗುರುವಾರ ಅನ್ನುವುದಿಲ್ಲ, ಬೇಸ್ತವಾರ ಅನ್ನುತ್ತಾಳೆ. ಅವಳ ಕ್ಲಾಸಿನಲ್ಲಿ ಗುರುಪಾದ ಅನ್ನುವ ಹುಡುಗನೊಬ್ಬನಿದ್ದ. ಹಾಜರಿ ಕರೆಯುವಾಗ ಎಲ್ಲರಿಗೂ ಹೆಸರು, ಅವನಿಗೆ ಮಾತ್ರ ‘ಹನ್ನೊಂದನೇ ನಂಬರ್’! ಅಂಥವಳು ಫೋಲ್ಡರಿಗೆ ಗಂಡನ ಹೆಸರು ಟೈಪ್ ಮಾಡುತ್ತಾಳೆಯೇ? ಕಂಪ್ಯೂಟರ್ ತಾನಾಗಿಯೇ ಇಟ್ಟ ಹೆಸರನ್ನು ಹಾಗೇ ಬಿಟ್ಟಿದ್ದಳು. ತಪ್ಪು ನನ್ನದೇ. ಅವಳು ಮರ್ಯಾದೆಯಿಂದ ಮುಚ್ಚಿಟ್ಟದ್ದನ್ನು ನಾನು ಕಸ ಅಂದುಕೊಂಡೆ.

ರಫೀಕ್ ಭಾಯ್‌ಗೆ ಫೋನ್ ಮಾಡಿದೆ. ಸಿಂದಗಿಯ ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವರು. ಅತ್ತಿಯ ಕಂಪ್ಯೂಟರನ್ನು ಜೋಡಿಸಿಕೊಟ್ಟವರೂ ಅವರೇ. ನನಗಿಂತ ಹಿರಿಯರು, ನನಗಿಂತ ಮುಂಗೋಪಿ. ಸ್ಪೀಕರ್ ಹಾಕಿ ಎಲ್ಲ ಹೇಳಿದೆ.

“ಮೇಡಂ, ಮೊದಲ ಮೌಸ್ ಬಿಡ್ರಿ. ಕೈ ತೊಡಿ ಮ್ಯಾಲ ಇಟ್ಕೋರಿ. ಹೊಸಾದೇನೂ ಅದರಾಗ ಹಾಕಬ್ಯಾಡ್ರಿ. ಫೋಲ್ಡರ್ ಹೆಸರೇನ್ರಿ?”

“ನ್ಯೂ ಫೋಲ್ಡರ್ ಮೂರು.”

“ಹೆಸರ ಕೇಳೇನ್ರಿ, ನಂಬರ್ ಅಲ್ಲ.”

“ಅದ ಹೆಸರ್ರಿ.”

ಆ ಕಡೆಯಿಂದ ಒಂದು ನಿಟ್ಟುಸಿರು. “ಇರ್ಲಿ ಬಿಡ್ರಿ. ಈಗ ಖರೇ ಹೇಳ್ರಿ. ರಿಸ್ಟೋರ್ ಪಾಯಿಂಟ್ ಅಳಿಸೀರೇನು?”

“ಅಳಸಾಕ ಹೊಂಟಿದ್ದೆ. ಅತ್ತಿ ರೊಟ್ಟಿಗೆ ಕರದ್ರು, ಎದ್ದ ಹೋದೆ.”

“ಯಾ ಅಲ್ಲಾ! ಆ ರೊಟ್ಟಿ ಮಾಡಿದವರಿಗೆ ನನ್ನ ಸಲಾಮ್ ಹೇಳ್ರಿ.”

ಆಮೇಲೆ ಅವರು ಹೇಳಿದ್ದು ಕೇಳಿ. ನಾನು ಕಳ್ಳ ಅಂದುಕೊಂಡಿದ್ದ ಆ ಮೂವತ್ತೈದು ಜಿಬಿಯೊಳಗೆ, ಕಂಪ್ಯೂಟರ್ ಆಗಾಗ ತನ್ನ ಹಳೆಯ ಸ್ಥಿತಿಯ ಚಿತ್ರ ತೆಗೆದಿಟ್ಟುಕೊಂಡಿರುತ್ತದೆ. ಆ ದಿನ ಯಾವ ಫೋಲ್ಡರಿನಲ್ಲಿ ಏನಿತ್ತು ಅನ್ನುವುದೂ ಅದರಲ್ಲಿ ಇರಬಹುದು. ಅಷ್ಟು ಜಾಗ ಬಿಟ್ಟವರು ರಫೀಕ್ ಭಾಯ್ ಅವರೇ.

“ನಾನ ಬೇಕಂತ ಬಿಟ್ಟೇನ್ರಿ. ಟೀಚರ್ ಮನಿ ಕಂಪ್ಯೂಟರ್, ಬಂದ ಹೋದವರೆಲ್ಲ ಕೈ ಹಚ್ಚತಾರ. ಅಂಗಳದ ಕೆಳಗ ಹಗೇವು ಇರತಿತ್ತಲ್ರಿ ಮೊದಲ? ಮ್ಯಾಲ ನೋಡಿದ್ರ ಬರೇ ನೆಲ. ಒಳಗ ಜ್ವಾಳ. ನೀವು ಇವತ್ತ ಅದರ ಬಾಯಿ ತಗದು ಮಣ್ಣ ತುಂಬಾಕ ಹೊಂಟಿದ್ರಿ.”

ಹಗೇವು ಅಂದರೆ ನೆಲದೊಳಗಿನ ಕಾಳಿನ ಗುಂಡಿ. ನಮ್ಮ ಅಜ್ಜಿಯ ಮನೆಯ ಅಂಗಳದಲ್ಲೂ ಒಂದಿತ್ತು. ಚಿಕ್ಕವಳಿದ್ದಾಗ ಅದರ ಮೇಲೆಯೇ ಕುಂಟಾಬಿಲ್ಲೆ ಆಡುತ್ತಿದ್ದೆವು, ಕೆಳಗೆ ಇಡೀ ಮನೆಯ ಊಟ ಇದೆ ಅಂತ ಗೊತ್ತಿಲ್ಲದೆ.

“ಈಗ ಒಳಗ ಹೋಗ್ರಿ. ಡೆಸ್ಕ್‌ಟಾಪ್ ಅನ್ನೂ ಫೋಲ್ಡರ್ ಹುಡುಕ್ರಿ. ಅದರ ಮ್ಯಾಲ ರೈಟ್ ಕ್ಲಿಕ್. ಹಿಂದಿನ ಆವೃತ್ತಿ ತೋರಸು ಅಂತ ಐತಿ ನೋಡ್ರಿ. ತಾರೀಖ ಬಂದಾವೇನು?”

ಬಂದವು. ಆರು ತಾರೀಖು. ಎಲ್ಲಕ್ಕಿಂತ ಈಚಿನದನ್ನು ತೆರೆದೆ. ಅಲ್ಲಿ ಡೆಸ್ಕ್‌ಟಾಪು ಅಂದು ಹೇಗಿತ್ತೋ ಹಾಗೇ ಕೂತಿತ್ತು. ಗುಲಾಬಿಯ ನ್ಯೂ ಫೋಲ್ಡರ್, ಸೂರ್ಯನ ನ್ಯೂ ಫೋಲ್ಡರ್ ಎರಡು, ಮತ್ತೆ...

“ಮೂರು!” ಅಂತ ಅತ್ತಿ ಚೀರಿದಳು. ಫೋನಿನಲ್ಲಿ ರಫೀಕ್ ಭಾಯ್ ಕೂಡ “ಸಿಕ್ತೇನ್ರಿ, ಸಿಕ್ತೇನ್ರಿ” ಅನ್ನುತ್ತಿದ್ದರು. ಎಳೆದು ಹೊರಗೆ ಹಾಕಿ, ಮೊದಲನೇ ಫೈಲು ಒತ್ತಿದೆ.

“ಆ...”

ಮಾಮಾನ ಮೊದಲನೇ ದಿನದ ದನಿ. ಅತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕುರ್ಚಿ ಸರಿದ ಸದ್ದಾಯಿತು. ಮಾಮಾ ಗೋಡೆ ಬಿಟ್ಟು ನಮ್ಮ ಕಡೆ ತಿರುಗಿದ್ದರು.

ಆದರೆ ಎಣಿಸಿದರೆ ನಲವತ್ತೊಂದೇ ಇದ್ದವು. ಹದಿನಾರು ಇಲ್ಲ. ಜಾಗ ತೀರಾ ಕಡಿಮೆಯಾದ ಮೇಲೆ ಕಂಪ್ಯೂಟರ್ ಹೊಸ ರಿಸ್ಟೋರ್ ಪಾಯಿಂಟ್ ಮಾಡುವುದನ್ನೇ ನಿಲ್ಲಿಸುತ್ತದಂತೆ. ಎರಡು ವಾರದಿಂದ ತೋರಿಸುತ್ತಿದ್ದ ಕೆಂಪು ಗೆರೆ ಅದೇ. ಆ ಹದಿನಾರು ದಿನದ್ದು ಸಿಗುವುದು ಕಷ್ಟ ಎಂದು ರಫೀಕ್ ಭಾಯ್ ನೇರವಾಗಿ ಹೇಳಿದರು. ಆಮೇಲೆ ನನ್ನಿಂದಲೇ ಕೆಲವು ಕೆಲಸ ಮಾಡಿಸಿದರು. ಎಲ್ಲಕ್ಕಿಂತ ಮೊದಲು ಮಾತಿನ ಫೋಲ್ಡರನ್ನು ಪೆನ್‌ಡ್ರೈವಿಗೆ ಕಾಪಿ. ಬಳಸದ ಆ ಮೂರು ಜಿಬಿಯ ನಿದ್ದೆಯ ಫೈಲನ್ನು ಸರಿಯಾದ ದಾರಿಯಲ್ಲಿ ಬಂದ್ ಮಾಡುವುದು. ರಿಸ್ಟೋರ್‌ಗೆ ಬಿಟ್ಟ ಜಾಗ ತೆಗೆಯುವುದಲ್ಲ, ಸ್ವಲ್ಪ ಕಡಿಮೆ ಮಾಡುವುದು. ಅಡಗಿದ್ದನ್ನು ಮತ್ತೆ ಅಡಗಿಸುವುದು.

“ಕಾಣೂದಿಲ್ಲ ಅಂದ್ರ ಕಸ ಅಂತ ಅಲ್ರಿ ಮೇಡಂ” ಅಂದು ಫೋನಿಟ್ಟರು. ನಾನು ಯಾರ ಹತ್ತಿರವೂ ಪಾಠ ಹೇಳಿಸಿಕೊಳ್ಳುವವಳಲ್ಲ. ಅವತ್ತು ಹೇಳಿಸಿಕೊಂಡೆ.

ನಿಮ್ಮ ಕಂಪ್ಯೂಟರ್ ಕೂಡ ಜಾಗ ಇಲ್ಲ ಅಂದರೆ ಇಷ್ಟು ಮಾಡಿ. ಟೆಂಪ್ ಖಾಲಿ ಮಾಡಿ, ಗುಡ್ ಮಾರ್ನಿಂಗ್ ಖಾಲಿ ಮಾಡಿ. ಅಡಗಿದ ಫೋಲ್ಡರನ್ನು ಕೈಯಿಂದ ಕೀಳಬೇಡಿ, ಅದು ಯಾಕಿದೆ ಅಂತ ತಿಳಿದವರಿಗೆ ಕೇಳಿ. ನಾನು ಮಾತ್ರ ಇಷ್ಟು ವರ್ಷ ಎಷ್ಟು ಮನೆಗಳಲ್ಲಿ ಏನೇನು ಬಿಸಾಡಿದ್ದೇನೆ ಅಂತ ಯೋಚಿಸಿ ಎರಡು ದಿನ ನಿದ್ದೆಗೆಟ್ಟೆ.

ಫೋಲ್ಡರಿಗೆ ಈಗಲಾದರೂ ಹೆಸರಿಡೋಣ ಎಂದೆ. ಅತ್ತಿ ಸ್ವಲ್ಪ ಯೋಚಿಸಿ, ತಾನೇ ಒಂದೊಂದು ಅಕ್ಷರ ಹುಡುಕಿ ಟೈಪ್ ಮಾಡಿದಳು. ‘ನಮ್ಮ ಮನಿಯವರ ಮಾತು’. ಹೆಸರೂ ಹೇಳಿದ ಹಾಗಾಯಿತು, ಹೇಳದ ಹಾಗೂ ಆಯಿತು.

ಉಳಿದದ್ದು ಹದಿನಾರು ದಿನ. ನಾಳೆ ಮೇಡಂ ಏನಂದುಕೊಳ್ಳುತ್ತಾರೋ ಅಂತ ಚಿಂತಿಸುತ್ತ ಅತ್ತಿ ಮತ್ತೆ ನೋಟ್‌ಬುಕ್ಕು ಹಿಡಿದು ಮಂಚದ ಮೇಲೆ ಕೂತಳು. ಆಗ ಮಾಮಾ ಎದ್ದರು. ನಿಧಾನಕ್ಕೆ ಮಂಚದ ಹತ್ತಿರ ಬಂದು, ಅತ್ತಿಯ ತೊಡೆಯ ಮೇಲಿದ್ದ ನೋಟ್‌ಬುಕ್ಕಿನ ಮೇಲೆ ಬೆರಳಿನಿಂದ ಬಡಿದರು. ಎದುರಿಗೆ ಕೂತರು.

ಅತ್ತಿಗೆ ಅರ್ಥವಾಯಿತು. ಫೋನಿನಲ್ಲಿ ರೆಕಾರ್ಡಿಂಗ್ ಚಾಲೂ ಮಾಡಿದಳು. ನೋಟ್‌ಬುಕ್ಕಿನ ನಲವತ್ತೆರಡನೇ ದಿನ ತೆಗೆದಳು.

“ಬಾಗಲಾ ಅನ್ರಿ.”

“ಬಾ...ಗಲಾ.”

“ರೊಟ್ಟಿ.”

“ರೊಟ್ಟಿ.”

“ಕಿಡಕಿ.”

“ಕಿಡಕಿ.”

ನಲವತ್ತಾರು, ನಲವತ್ತೇಳು, ಐವತ್ತು. ಒಂದೊಂದು ಶಬ್ದಕ್ಕೆ ಒಂದೊಂದು ದಿನ ಹಿಡಿದಿತ್ತು. ಕೆಲವು ದಿನ ಮಾಮಾ ನೋಟ್‌ಬುಕ್ಕು ಬಿಸಾಡಿದ್ದರು, ಕೆಲವು ದಿನ ಅತ್ತಿ ಬಚ್ಚಲಿಗೆ ಹೋಗಿ ಅತ್ತು ಬಂದಿದ್ದಳು. ಆ ಹದಿನಾರೂ ಶಬ್ದ ಇಪ್ಪತ್ತು ನಿಮಿಷದಲ್ಲಿ ಮುಗಿದವು. ಎರಡು ಮಾತ್ರ ತೊದಲಿದವು. ಅತ್ತಿ ನೋಟ್‌ಬುಕ್ಕು ಮುಚ್ಚಿ, ಗಂಡನ ಮುಖವನ್ನು ಹೊಸದಾಗಿ ನೋಡುವವಳ ಹಾಗೆ ನೋಡುತ್ತ ಕೂತಳು.

“ಹದಿನಾರ ದಿನದ್ದು ಇಪ್ಪತ್ತ ನಿಮಿಷದಾಗ ಅಂದ್ರಲ್ರಿ!”

ರೆಕಾರ್ಡಿಂಗ್ ಹೋಗಿತ್ತು. ಮಾತು ಹೋಗಿರಲಿಲ್ಲ. ಅವು ಕಂಪ್ಯೂಟರಿನಲ್ಲಿ ಅಲ್ಲ, ಅವರಲ್ಲೇ ಇದ್ದವು. ನನಗೆ ಎಷ್ಟು ಹಗುರಾಯಿತೆಂದರೆ, ನನ್ನ ಹಳೆಯ ಚಟ ಕೂಡಲೇ ವಾಪಸ್ ಬಂತು. ಅತ್ತಿ ಇನ್ನೂ ಫೋನಿನ ರೆಕಾರ್ಡಿಂಗ್ ಬಂದ್ ಮಾಡಿರಲಿಲ್ಲ. ನಾನು ಕಂಪ್ಯೂಟರ್ ಕಡೆ ತಿರುಗಿದೆ. ಗುಲಾಬಿಯ ಫೋಲ್ಡರು, ಸೂರ್ಯನ ಫೋಲ್ಡರು ಇನ್ನೂ ಅಲ್ಲೇ ಇದ್ದವಲ್ಲ? ಇವಂತೂ ಕಸವೇ. ಇವನ್ನಾದರೂ ತೆಗೆಯೋಣ ಅಂತ ಶಿಫ್ಟ್ ಮೇಲೆ ಬೆರಳಿಟ್ಟೆ.

“ಮೊದಲ... ಕೇಳು!”

ಅತ್ತಿಯ ದನಿಯಲ್ಲ. ಹಿಂದಿನ ಬೆಂಚಿಗೂ ಕೇಳುವ ಗಂಟಲು.

ನಾನು ಕೀಬೋರ್ಡಿನಿಂದ ಕೈ ಎತ್ತಿದೆ. ಮಾಮಾ ನನ್ನ ಕಡೆ ಬೆರಳು ತೋರಿಸುತ್ತ ಕೂತಿದ್ದರು, ತಾವೇ ಬೆರಗಾಗಿ. ಅತ್ತಿ ಎರಡು ಬೆರಳು ಎತ್ತಿ ತೋರಿಸುತ್ತಿದ್ದಳು. ಎರಡು. ಎರಡು ಶಬ್ದ, ಜೋಡಿಯಾಗಿ! ಅವಳಿಗೂ ಆಗ ಮಾತು ಹೊರಡುತ್ತಿರಲಿಲ್ಲ.

ಸೋಮವಾರ ಮೇಡಂ ಆ ಕೊನೆಯ ತುಣುಕನ್ನು ಮೂರು ಸಲ ಹಚ್ಚಿಸಿ ಕೇಳಿದರಂತೆ. ಯಾವ ಅಭ್ಯಾಸದಿಂದ ಇದು ಬಂತು ಅಂತ ಅವರು ಕೇಳಿದ್ದಕ್ಕೆ ಅತ್ತಿ ನನ್ನ ಹೆಸರು ಹೇಳಿದಳಂತೆ. ಮುಂದಿನ ಪಾಠ ಸಿಕ್ಕಿದೆ. ಇನ್ನು ದಿನಕ್ಕೊಂದು ಜೋಡಿ ಮಾತು, ಆಮೇಲೆ ಮೂರು.

ಈ ರವಿವಾರ ನಾನು ಮತ್ತೆ ತಾಂಬಾದ ಬಸ್ ಹತ್ತುತ್ತೇನೆ. ಮಾಮಾನಿಂದ ಮೂರು ಶಬ್ದದ ಬೈಗುಳ ತಿಂದೇ ಬರಬೇಕು ಅಂತ ನನ್ನ ಆಸೆ.